ಬಿಳಿ ಯಾವುದು

ಪಕ್ಕದ ಮನೆಯ ಡೊರೀನ್ ತೆಗೆದದ್ದು, ಭಾನುವಾರ ಇಳಿಹೊತ್ತು,
ಕಲ್ಗೂರ್ಲಿಯ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ.
ಹದಿನಾಲ್ಕು ಸಲ ಕ್ಲಿಕ್ಕಿಸಿದಳು.
ಹದಿಮೂರರಲ್ಲಿ ಯಾರೋ ಒಬ್ಬರು ಕಣ್ಣು ಮುಚ್ಚಿದ್ದಾರೆ,
ಹೆಚ್ಚಾಗಿ ನಾನೇ.
ಉಳಿದ ಒಂದರಲ್ಲಿ ಐವರ ಕಣ್ಣೂ ತೆರೆದಿವೆ,
ಆದರೆ ಐವರೂ ಕೆಂಪಗಿದ್ದೇವೆ
ಒಂದೇ ಭಟ್ಟಿಯಲ್ಲಿ ಸುಟ್ಟ ಮಡಕೆಗಳ ಹಾಗೆ.

ಇಲ್ಲಿಯ ಧೂಳು ಹಾಗೆ. ಗಣಿಯ ಹೊಂಡದಿಂದ ಎದ್ದು
ತಗಡಿನ ಬೇಲಿಯ ಮೇಲೆ ಕೂತು
ಸಂಜೆಯ ಬಿಸಿಲನ್ನು ತನ್ನ ಬಣ್ಣಕ್ಕೆ ಅದ್ದಿ ಕೊಡುತ್ತದೆ.

ಮೊದಲ ಕೆಲಸ ಸುಲಭದ್ದು.
ಮೂಲೆಯಲ್ಲೊಂದು ಮಸುಕು, ಸುಟ್ಟ ಬದನೆಕಾಯಿಯಂಥದ್ದು:
ಡೊರೀನಳ ಹೆಬ್ಬೆರಳು. ಕತ್ತರಿಸಿದೆ.
ಕಸದ ಡಬ್ಬಿಯ ಹಳದಿ ಮುಚ್ಚಳ ಹೋಯಿತು.
ತಂತಿಯ ಮೇಲೆ ಒಣಗುತ್ತಿದ್ದ ಅಪ್ಪನ ಕೆಲಸದಂಗಿ,
ಕಿತ್ತಳೆ ಬಣ್ಣದ್ದು, ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯದು,
ಹೋಗಲು ಒಪ್ಪಲಿಲ್ಲ.
ಅಳಿಸಿದಷ್ಟೂ ಅಲ್ಲಿ ಆಕಾಶ ಸುಕ್ಕಾಯಿತು.
ಬಿಟ್ಟೆ.

ಆಮೇಲೆ ಬಣ್ಣ.
ಚಿತ್ರದೊಳಗೆ ಬಿಳಿಯದೊಂದನ್ನು ಹುಡುಕಿ ಮುಟ್ಟಬೇಕು,
ಇದು ಬಿಳಿ ಎಂದು ಕಂಪ್ಯೂಟರಿಗೆ ಹೇಳಬೇಕು.
ಆ ಒಂದು ಮಾತು ನಂಬಿ ಮಿಕ್ಕದ್ದೆಲ್ಲ
ತಂತಮ್ಮ ಬಣ್ಣಕ್ಕೆ ಮರಳುತ್ತದೆ.

ಆಯಿಯ ಕೂದಲು ಮುಟ್ಟಿದೆ.
ಎಲ್ಲರೂ ನೀಲಿಯಾದೆವು, ಬಾವಿಯಿಂದ ಎತ್ತಿದವರಂತೆ.
ಎಪ್ಪತ್ತು ವರ್ಷದ ಎಣ್ಣೆ ಆ ಬಿಳಿಯಲ್ಲಿ ಹಳದಿಯಾಗಿ ನಿಂತಿತ್ತು.
ತಮ್ಮ ಅಮರೇಶನ ಶಾಲೆಯ ಅಂಗಿ ಮುಟ್ಟಿದೆ.
ಅವ್ವ ನೀಲಿ ಹಾಕಿ ಒಗೆದದ್ದು:
ಮನೆಮಂದಿಗೆಲ್ಲ ಕಾಮಾಲೆ.
ಅಪ್ಪನ ಹಲ್ಲು? ಬೇಡ.
ಎಲೆಅಡಿಕೆ ಸಿಗದ ಊರಲ್ಲೂ ಅವು ನೆನಪಿಟ್ಟುಕೊಂಡಿವೆ.

ಅಮರೇಶನ ಹೆಗಲ ಮೇಲೆ ಅಪ್ಪನ ಬಲಗೈ.
ಹೆಬ್ಬೆರಳಿಗೆ ಪಟ್ಟಿ.
ಮನೆಯಷ್ಟೆತ್ತರದ ಲಾರಿಯ ಬೋಲ್ಟು ಜಾರಿ ಉಗುರು ಹೋಗಿತ್ತು;
ಆವತ್ತು ಬೆಳಿಗ್ಗೆಯಷ್ಟೇ ಅವ್ವ ಹೊಸ ಪೊಟ್ಟಣ ಹರಿದು ಕಟ್ಟಿದ್ದಳು.
ಚಿತ್ರದಲ್ಲಿ ಅದೂ ಕೆಂಪಗೇ ಇತ್ತು.
ಆದರೆ ನನಗೆ ಗೊತ್ತಿತ್ತು.

ಮುಟ್ಟಿದೆ.
ಬೇಲಿ ಬೂದಿಯಾಯಿತು, ಆಕಾಶ ಮೇಲಕ್ಕೆ ಹೋಯಿತು,
ಆಯಿಯ ಸೆರಗು ಮಾತ್ರ ಕೆಂಪಾಗಿ ಉಳಿಯಿತು, ಅದರ ಹಕ್ಕು ಅದು.
ಐವರಿಗೆ ಐದು ಬಗೆಯ ಕಪ್ಪು ವಾಪಸು ಬಂತು.

‘ಛಲೋ ಆತು’ ಅಂದಳು ಅವ್ವ, ಕನ್ನಡಕ ಹಣೆಗೇರಿಸಿ.
‘ಇನ್ನ ಆ ಪಟ್ಟಿ ತಗದ್ಬಿಡು.
ಲಿಂಗಸುಗೂರಿಗೆ ಹೋಗೂ ಫೋಟೋ ಅದು.
ನಿಮ್ಮತ್ತಿ ನೋಡಿದ್ಲಂದ್ರ ರಾತ್ರೆಲ್ಲಾ ಫೋನು.’

ಎಲ್ಲರ ಬಣ್ಣ ತೂಗಿದ್ದು ಆ ತಕ್ಕಡಿಯಲ್ಲೇ
ಎಂದು ನಾನು ಹೇಳಲಿಲ್ಲ.
ಅಳಿಸಿದೆ.
ಈಗ ಹೆಬ್ಬೆರಳೊಂದು ಬೇಕಲ್ಲ.
ಅಪ್ಪನ ಎಡಗೈಯದನ್ನೇ ನಕಲು ತೆಗೆದು, ಮಗುಚಿ, ಬಲಕ್ಕೆ ಕೂರಿಸಿ
ಉಗುರಿನ ಅಂಚು ತಿದ್ದುತ್ತ ಕೂತೆ, ಅನ್ನ ತಣ್ಣಗಾಗುವವರೆಗೆ.

ಅಚ್ಚಾಗಿ ಬಂದ ದಿನ ಎಲ್ಲರೂ ತಮ್ಮನ್ನಷ್ಟೇ ನೋಡಿಕೊಂಡರು.
ಅಮರೇಶನಿಗೆ ತನ್ನ ಕಿವಿ ದೊಡ್ಡದೆನಿಸಿತು.
‘ನಾ ಇಷ್ಟು ಮುದುಕಿ ಆಗೇನೇನು?’ ಅಂದಳು ಆಯಿ,
ತಪ್ಪು ಕಾಗದದ್ದೆಂಬಂತೆ ಹಿಂದೆ ತಿರುವಿ ನೋಡಿ.

ರಾತ್ರಿಪಾಳಿ ಮುಗಿಸಿ ಬಂದ ಅಪ್ಪ
ಅಂಚಿನಲ್ಲಷ್ಟೇ ಹಿಡಿದು ಬಹಳ ಹೊತ್ತು ನೋಡಿದ.
‘ಹಟ್ಟಿ ಗಣಿಯೊಳಗ ಆದ ಗಾಯ’ ಅಂದ,
ಎಡ ಹೆಬ್ಬೆರಳ ಬುಡದ ಹಳೆಯ ಗೆರೆ ನನ್ನ ಮುಂದೆ ಚಾಚಿ,
‘ಈ ಕೈಗೂ ಬಂದೈತಲ್ಲ.’

ಹೌದು, ಬಂದಿತ್ತು. ಎರಡು ಕೈಗೂ ಅದೇ ಗೆರೆ,
ಒಂದನ್ನೊಂದು ನೋಡುತ್ತಿರುವ ಹಾಗೆ.
ನಾನು ಎದ್ದೆ, ಈಗಲೇ ತಿದ್ದುತ್ತೇನೆಂದು.

‘ಇರ್ಲಿ ಬಿಡು. ಎಲ್ಲಾರೂ ಚಂದ ಬಂದೀರಿ.’
ಆಮೇಲೆ ಬಲಗೈಯನ್ನು ದೀಪದ ಕೆಳಗೆ ಹಿಡಿದು
ಮೆಲ್ಲಗೆ ಪಟ್ಟಿ ಬಿಚ್ಚತೊಡಗಿದ,
ಅದು ಹೊಸದು ಕಟ್ಟುವ ದಿನ.
ಹಳೆಯದರ ಅಂಚು ಕೆಂಪಾಗಿತ್ತು,
ಧೂಳೋ ಏನೋ.