ಎಡಗಿವಿಯ ತುರಿಕೆ

ಶನಿವಾರ ರಾತ್ರಿ ದೊಡ್ಡ ಹಂಡೆಯಲ್ಲಿ ನೀರಿಡುತ್ತೇನೆ.
ಭಾನುವಾರಕ್ಕೆ ನಲವತ್ತು ಬೇಕು, ಹಬ್ಬವಿದ್ದರೆ ಅರವತ್ತು.
ಕುಸ್ಕೊ ಕಡೆಯಿಂದ ಬಸ್ಸಿಳಿದು ಬರುತ್ತಾರೆ ಮಕ್ಕಳುಮರಿ ಸಮೇತ,
ಒಲೆಯ ಮುಂದೆ ನಿಂತು, ಯಾವುದು ದಪ್ಪಗಿದೆಯೋ ನೋಡಿ,
ಬೆರಳೆತ್ತಿ ತೋರಿಸುತ್ತಾರೆ.
ಹದಿನಾಲ್ಕು ತುಂಬಿದಾಗಿನಿಂದ ಕುಯ್‌ಗಳನ್ನು ಕುಯ್ದ ಕೈ ಇದು.
ಎಲ್ಲಿ ಒತ್ತಬೇಕೆಂದು ನನ್ನನ್ನು ಕೇಳಬೇಡಿ,
ಹೆಬ್ಬೆರಳಿಗೆ ಗೊತ್ತು.

ಇದರ ಕಾಲು ಸಿಕ್ಕಿಕೊಂಡದ್ದು ಗೂಡಿನ ತಂತಿಗೆ,
ಹಿಂದಿನ ಎಡಗಾಲು.
ರಾತ್ರಿಯಿಡೀ ಎಳೆದಾಡಿರಬೇಕು. ಬೆಳಿಗ್ಗೆ ನೋಡಿದರೆ
ಮೂಳೆ ಈರುಳ್ಳಿ ಬೇರಿನ ಹಾಗೆ ಬೆಳ್ಳಗೆ ಹೊರಗೆ.
ಕಿರುಚಲಿಲ್ಲ. ಕುದುರೆಮಸಾಲೆ ಸೊಪ್ಪು ಅಗಿಯುತ್ತಾ ಕೂತಿತ್ತು,
ಯಾರದೋ ಕಾಲು ಎಂಬಂತೆ.

"ಇವತ್ತೇ ಒಲೆಗೆ ಹಾಕು, ಕಾಲು ಯಾರು ಎಣಿಸುತ್ತಾರೆ"
ಎಂದ ನನ್ನ ಗಂಡ ಎಲೆಯುತೇರಿಯೊ.
ಎಣಿಸುತ್ತಾರೆ.
ತಟ್ಟೆಯಲ್ಲಿ ನಾಲ್ಕೂ ಚಾಚಿ ಮಲಗಿರಬೇಕು,
ಗಿರಾಕಿ ಮೊದಲು ನೋಡುವುದೇ ಅದನ್ನು.
ಹಾಗಾದರೆ ಇದು ಲೆಕ್ಕಕ್ಕಿಲ್ಲ ಅಂದುಕೊಂಡೆ,
ಲೆಕ್ಕಕ್ಕಿಲ್ಲದ್ದನ್ನು ಶಾಲಿನಲ್ಲಿ ಸುತ್ತಿ ಬೆನ್ನಿಗೆ ಕಟ್ಟಿ
ಉರ್ಕೊಸ್‌ಗೆ ಹೊರಟೆ, ಯಾಕೆಂದು ಈಗಲೂ ತಿಳಿಯದು.

ಹಸು ಹಂದಿಗಳಿಗೆ ಸೂಜಿ ಹಾಕುವ ಹುಡುಗಿ, ನಿಯೆವೆಸ್.
"ಇದನ್ನು ಬದುಕಿಸಬೇಕಾ?"
ಎರಡು ಸಲ ಕೇಳಿದಳು.
ಕುಯ್‌ಗೆ ನಲವತ್ತು ಸೋಲ್. ಕಾಲು ತೆಗೆದದ್ದಕ್ಕೆ ನೂರಾ ಇಪ್ಪತ್ತು.
ಚೀಟಿ ನನ್ನ ಟೋಪಿಯ ಒಳಪಟ್ಟಿಯಲ್ಲಿದೆ.
ಗಂಡ ಇನ್ನೂ ನೋಡಿಲ್ಲ.

ಆಮೇಲೆ ಶುರುವಾಯಿತು ನೋಡಿ.
ಹುಲ್ಲು ಹಾಸಬೇಡಿ, ಹೊಲಿಗೆಗೆ ಚುಚ್ಚುತ್ತದೆ, ಹಳೇ ಟವೆಲ್ ಹಾಸಿ.
ನೊಣ ಕೂರಬಾರದು.
ದಿನಾ ತೂಗಿ. ತಿನ್ನದೆ ಒಂದು ದಿನ ಕಳೆದರೆ ಕರುಳೇ ನಿಂತೀತು.
ಆಲೂಗಡ್ಡೆ ತಕ್ಕಡಿಯಲ್ಲಿ ಕೂರಿಸಿದೆ: ಎಂಟುನೂರ ಹತ್ತು.
ಮಾರನೆಯ ದಿನ ಏಳುನೂರ ಎಂಬತ್ತು.
ಸೊಪ್ಪು ಅರೆದು, ಕಿತ್ತಳೆ ಹಿಂಡಿ,
ಸೂಜಿಯಿಲ್ಲದ ಸಿರಿಂಜಿನಲ್ಲಿ ತುಟಿಯ ಪಕ್ಕದಿಂದ
ಹನಿ, ಇನ್ನೊಂದು ಹನಿ,
ನುಂಗಿತೇ ಎಂದು ಗಂಟಲಿಗೆ ಬೆರಳಿಟ್ಟು ಕಾದು, ಮತ್ತೊಂದು.
ರಾತ್ರಿ ಎರಡೆರಡು ಗಂಟೆಗೆ ಎದ್ದೆ.
ಹೆತ್ತ ಮಕ್ಕಳಿಗೂ ಇಷ್ಟು ಎದ್ದವಳಲ್ಲ,
ಅವರಿಗೆ ಅಜ್ಜಿ ಇದ್ದಳು.

ಹಿಂಭಾಗ ನಾನೇ ತೊಳೆಯಬೇಕು,
ತಾನೇ ನೆಕ್ಕಲು ಬಾಗಿದರೆ ಉರುಳಿಬೀಳುತ್ತದೆ.
ಅದೇ ಹಂಡೆ, ಅದೇ ನೀರು.
ಎರಡು ಚೊಂಬು ತಣ್ಣೀರು ಬೆರೆಸಿದರೆ ಸ್ನಾನಕ್ಕೆ,
ಬೆರೆಸದಿದ್ದರೆ ಕೂದಲು ಕೀಳಲಿಕ್ಕೆ.

ಮೂರನೆಯ ದಿನ ಹಿಕ್ಕೆ ಹಾಕಿತು. ನಾಲ್ಕು. ಗಟ್ಟಿ.
"ಹಾಕಿತು, ಹಾಕಿತು!" ಎಂದು ಕೂಗಿಬಿಟ್ಟೆ
ಅಡುಗೆಮನೆಯಿಂದ ಊಟದ ಮೇಜುಗಳವರೆಗೆ ಕೇಳುವಂತೆ.
ಯಾರೋ ಒಬ್ಬರು ಬಾಯಿಯವರೆಗೆ ತಂದ ತುಂಡನ್ನು
ಕೆಳಗಿಟ್ಟರಂತೆ.

ಈಗ ಗಾಯದ ಮೇಲೆ ತುಪ್ಪಳ ಬಂದಿದೆ.
ಮೂರು ಕಾಲಲ್ಲೇ ಓಡುತ್ತದೆ, ತಿರುವಿನಲ್ಲಿ ಮಗುಚಿ
ಬೀಳಲೇ ಇಲ್ಲವೆಂಬಂತೆ ಏಳುತ್ತದೆ.
ಮೊಮ್ಮಗ ಯೋವನಿ ಹೆಸರಿಡೋಣ ಅಂದ. ಬೇಡ ಅಂದೆ.
ಎಡಗಿವಿ ತುರಿಸಿದಾಗ ಮಾತ್ರ
ಇಲ್ಲದ ಕಾಲು ಏಳುತ್ತದೆ.
ಮೋಟು ಗಡಗಡ ಅಲುಗುತ್ತದೆ, ಗಾಳಿ ಕೆರೆಯುತ್ತದೆ,
ಇದು ಕಿವಿ ಬಾಗಿಸಿ, ಕಣ್ಣು ಅರೆಮುಚ್ಚಿ
ಬಾರದ ಉಗುರಿಗೆ ಕಾಯುತ್ತದೆ.
ಆಗ ಒಲೆ ಬಿಟ್ಟು ಬರುತ್ತೇನೆ, ಕೈ ಒರೆಸಿ, ಕೆಲವೊಮ್ಮೆ ಒರೆಸದೆ.
ಕಿವಿಯ ಹಿಂದೆ ಹೆಬ್ಬೆರಳಿಟ್ಟು ಕೆರೆಯುತ್ತೇನೆ.
ಆ ಇನ್ನೊಂದು ಜಾಗ ಅಲ್ಲೇ ಪಕ್ಕದಲ್ಲಿ, ಅರ್ಧ ಬೆರಳಿನಷ್ಟು ಕೆಳಗೆ.
ಮೋಟು ಅಲುಗುವುದು ನಿಲ್ಲುವವರೆಗೆ ಕೆರೆಯುತ್ತೇನೆ.
ಕುಯ್, ಅನ್ನುತ್ತದೆ.

ಒಂಟಿಯಾದರೆ ಕೊರಗಿ ಸಾಯುತ್ತದೆ, ಜೊತೆಗೊಂದು ಬಿಡಿ,
ಅಂದಿದ್ದಳು ನಿಯೆವೆಸ್.
ಇವತ್ತು ಶನಿವಾರ. ಹಂಡೆ ಗುಂಯ್ಗುಡುತ್ತಿದೆ.
ನಲವತ್ತರ ಗೂಡಿನ ಮುಂದೆ ನಿಂತಿದ್ದೇನೆ,
ಗಿರಾಕಿಯ ಹಾಗೆ,
ಬೆರಳೆತ್ತಿ.