ಮೂರನೇ ಪಾಳಿಯ ಕ್ಯಾಸೆಟ್ಟುಗಳು

ಪೆನ್ಸಿಲ್ ತೂರಿಸಿ ಸುತ್ತಿದೆ. ಹಲ್ಲಿಗೆ ಹಲ್ಲು ಸಿಕ್ಕಿತು.
ಸುಕ್ಕು ಬಿಡಿಸಿಕೊಳ್ಳುತ್ತ ಕಂದು ರಿಬ್ಬನ್ನು ಒಳಗೆ ಹೋಯಿತು.
ಮೊದಲು ಬಂದದ್ದು ಹಾಡಲ್ಲ, ನನ್ನ ಕೆಮ್ಮು.
ಕೆಂಪು ಗುಂಡಿ, ಅದರ ಪಕ್ಕದ ಗುಂಡಿ, ಎರಡನ್ನೂ ಕೂಡಿಸಿ ಒತ್ತುವುದು
ಆಗ ನನ್ನ ಕೆಲಸ. ಹದಿಮೂರು ವರ್ಷ ನನಗೆ.
ಡ್ರಮ್ಮು ಬಡಿಯುತ್ತಿದ್ದವನು ಅಣ್ಣ, ಮೌನೇಶ.
ತಿಂಥಣಿಗೆ ಹರಕೆ ಹೊತ್ತು ಇಟ್ಟ ಹೆಸರು,
ಇಟ್ಟವರದೇನು ತಪ್ಪು.

ಹಟ್ಟಿ ಕ್ಯಾಂಪು, ಕ್ಲಬ್ಬಿನ ಹಿಂದೆ ಕೇರಂ ಬೋರ್ಡು ಇಡುವ ಕೋಣೆ.
ಮದುವೆ ಬ್ಯಾಂಡಿನವರು ಎಸೆದ ದೊಡ್ಡ ಡ್ರಮ್ಮು,
ಅದರ ಮೇಲೆ ಇನ್ನೂ ಅಳಿಯದ 'ಶುಭವಿವಾಹ'.
ಬೇಸಿಗೆ ಗುರುಗುಂಟದ ಅಮರೇಗೌಡ.
ಹಾಡುವವನು ಸೈಕಲ್ ಅಂಗಡಿಯ ದಸ್ತಗೀರ.
ಗಿಟಾರಿಗೆ ಎಬನೇಜರ್, ಕೋಲಾರದ ಗಣಿ ಬಿಟ್ಟು ಬಂದವರ ಮಗ.
"ನಾವು ಹಾರ್ಡ್ ರಾಕ್" ಅಂದನಂತೆ ಮನೆಯಲ್ಲಿ.
ಉಣ್ಣುತ್ತಿದ್ದ ಅವರಪ್ಪ ತುತ್ತು ಕೆಳಗಿಟ್ಟು ನಕ್ಕ:
"ಇಪ್ಪತ್ತೆರಡು ವರ್ಷ ಅದನ್ನೇ ಕೊರದೀನಿ.
ನಿಮ್ಮದು ಎಷ್ಟು ಫೂಟು ಆಳ?"

ಎಂಬತ್ತೇಳರ ಮೊದಲನೇ ಕ್ಯಾಸೆಟ್ಟನ್ನು
ನಾನು ಪ್ರಾಣದಂತೆ ಪ್ರೀತಿಸಿದ್ದೆ.
ಇವತ್ತು ಕೇಳಿದರೆ ಎಲ್ಲ ಕಡ ತಂದ ಅಂಗಿ,
ತೋಳು ಉದ್ದ, ಕಾಲರು ಬಿಗಿ.
ದಸ್ತಗೀರನಿಗೆ ಇಂಗ್ಲಿಷು ಬರುತ್ತಿರಲಿಲ್ಲ,
ಬಾಯಿಗೆ ಬಂದ ಸದ್ದನ್ನೇ ಇಂಗ್ಲಿಷು ಮಾಡಿ ಹಾಡಿದ್ದಾನೆ.
ಇಡೀ ಹಾಡಿನಲ್ಲಿ ನಿಜವಾದ ಪದ 'ಬೇಬಿ' ಒಂದೇ.
ಅದನ್ನು ಅನ್ನುವಾಗ ಅವನಿಗೆ ನಾಚಿಕೆ.

ಎರಡನೆಯದು ಯಾರಿಗೂ ಬೇಡವಾಗಿತ್ತು, ನನಗೂ.
'ಕೇಜು ಇಳಿತದ, ಹೆಸರು ಕೂಗ್ರಿ' ಅಂತ
ಅವನು ಮನೆಯ ಮಾತಿನಲ್ಲಿ ಚೀರಿದ್ದು ಅದರಲ್ಲೇ.
ಕ್ಲಬ್ಬಿನವರು ಕೇಳಿ, "ಇದೇನು ಹಾಡೋ, ಜಗಳೋ?" ಅಂದರು.
ಈಗ ಕಿವಿಗೆ ಬಿತ್ತು:
ನಡುಹಾಡಿನಲ್ಲಿ ನೆಲದೊಳಗೆ ಗುಮ್ಮೆನ್ನುತ್ತದೆ,
ಸಂಜೆಯ ಬ್ಲಾಸ್ಟಿಂಗು.
ಅಣ್ಣ ಅರ್ಧ ಏಟು ಕೈ ತಡೆಯುತ್ತಾನೆ,
ಆ ಗುಮ್ಮನ್ನೇ ಮೊದಲ ಪೆಟ್ಟು ಮಾಡಿಕೊಂಡು
ಅಲ್ಲಿಂದ ಹೊರಡುತ್ತಾನೆ.
ಆರು ಸಲ ಹಿಂದಕ್ಕೆ ತಿರುಗಿಸಿದೆ.
ಇಷ್ಟು ವರ್ಷ ಇದು ಡಬ್ಬಿಯಲ್ಲಿತ್ತು!
ಫೋನು ಮಾಡಿ, ಅವನ ನೆಟ್ಟಗಿರುವ ಕಿವಿಗೆ ಕೇಳಿಸಿದೆ.
ರಂದೆ ನಿಲ್ಲಿಸಿ ಕೇಳಿದ. ಆಮೇಲೆ,
"ತಪ್ಪಿದ್ದೆ ಅಲ್ಲಿ. ನೀ ಅಳಿಸಬೇಕಿತ್ತು."

ಮೂರನೆಯದಕ್ಕೆ ಒಂದೇ ಮಗ್ಗಲು.
ಆಂಪ್ಲಿಫೈಯರಿಲ್ಲ. ಡ್ರಮ್ಮಿನ ಮೇಲೆ ಹಾಸಿದ ಕೌದಿ.
ದಸ್ತಗೀರ ಹಲ್ಲು ಕಚ್ಚಿ, ಪಿಸುದನಿಯಲ್ಲಿ ಚೀರುತ್ತಾನೆ.
ಗೋಡೆಯಾಚೆಯ ಕ್ವಾರ್ಟರ್ಸಿನಲ್ಲಿ ಎಬನೇಜರನ ಅಪ್ಪ
ಮಲಗಿದರೆ ಉಸಿರು ಸಿಗದೆ
ಕೂತೇ ನಿದ್ದೆ ಮಾಡುತ್ತಿದ್ದ ತಿಂಗಳುಗಳು ಅವು.
ಡಬ್ಬಿಯಲ್ಲಿ ಗಿಟಾರಿನ ಮೀಟುಬಿಲ್ಲೆ ಸಿಕ್ಕಿತು,
ಆಸ್ಪತ್ರೆಯ ಎಕ್ಸ್‌ರೇ ಫಿಲ್ಮು ಕತ್ತರಿಸಿ ಮಾಡಿದ್ದು.
ಯಾರ ಎದೆಯೆಂದು ಆಗ ನಾವು ಕೇಳಿರಲಿಲ್ಲ.
ಕಿಟಕಿಗೆ ಹಿಡಿದೆ. ಅರ್ಧ ಪಕ್ಕೆಲುಬು,
ಅದರಾಚೆ ನವಣೆ ಚೆಲ್ಲಿದ ಹಾಗೆ
ಬೆಳ್ಳಗೆ, ಸಣ್ಣಗೆ, ಕಲ್ಲು.

ನಲವತ್ತು ಪ್ರತಿ ಮಾಡಿಸಿದ್ದೆವು, ಹೋದದ್ದು ಹನ್ನೊಂದು.
ಉಳಿದವನ್ನು ಲಿಂಗಸುಗೂರಿನ ಅಂಗಡಿಯವ ಅಳಿಸಿ
ಭಜನೆ ತುಂಬಿ ಮಾರಿದ.
ಎಷ್ಟೋ ವರ್ಷದ ಮೇಲೆ ಮುದಗಲ್ಲಿನ ಬಸ್ಸಿನಲ್ಲಿ
ಮಂಗಳಾರತಿ ಮುಗಿದು, ರಿಬ್ಬನ್ನು ಇನ್ನೂ ಉಳಿದಿತ್ತು.
ಹತ್ತು ಹನ್ನೆರಡು ಸೆಕೆಂಡು, ಒಮ್ಮೆಲೇ,
'ಹೆಸರು ಕೂಗ್ರಿ, ಹೆಸರು ಕೂಗ್ರಿ'.
ಡ್ರೈವರು ಬೆಚ್ಚಿ ಡಬ್ಬಿಗೆ ಏಟು ಹಾಕಿದ.
ಮೆಣಸಿನಕಾಯಿ ಚೀಲ ಮಡಿಲಲ್ಲಿಟ್ಟುಕೊಂಡ ಪಕ್ಕದವಳು,
"ಯಾರವ್ವಾ ಅವ್ರು, ಹಂಗ ಜಗಳ ಆಡೋರು?" ಅಂದಳು.
"ನಮ್ಮ ಮಂದಿ" ಅಂದೆ,
ಸೀಟು ಸ್ವಲ್ಪ ಸರಿಸಿ ಕೂತೆ.