ಏನಾಗಬೇಕು

ಜತ್ತ ತಹಸೀಲ ಕಚೇರಿ ಮುಂದೆ
ಅರ್ಜಿ ಬರೆಯುತ್ತ ಇಪ್ಪತ್ತಾರು ವರ್ಷ.
ಕನ್ನಡದಲ್ಲಿ ಕೇಳಿಸಿಕೊಳ್ಳುವುದು, ಮರಾಠಿಯಲ್ಲಿ ಬರೆಯುವುದು,
ನಡುವೆ ಅರ್ಧ ಲೋಟ ಚಹಾ.

ಮರಾಠಿಗೆ ಒಂದು ಕ್ರಿಯಾಪದವಿದೆ, ಲಾಗಣೆ.
ಹಸಿವೆಗೂ ಅದೇ, ಬಿಸಿಲಿಗೂ ಅದೇ,
ಎಡವಿದ ಬೆರಳಿಗೂ, ಕಣ್ಣಿನ ದೃಷ್ಟಿಗೂ.
ಪಿಂಚಣಿಯ ಫೈಲಿಗೆ ಕಾಯುತ್ತಿದ್ದ ಕೋಷ್ಟಿ ಗುರೂಜಿ
ಬಾಕಿನ ಮೇಲೆ ಕೂತು ಬೇರು ಬಿಡಿಸಿದ್ದರು:
‘ಸಂಸ್ಕೃತದ ಲಗ್. ಅಂದರ ಅಂಟು, ತಾಗು.
ಅಂಟಿದ್ದು ಲಗ್ನ.
ಒಳ್ಳೇದು ಕೆಟ್ಟದ್ದು ಧಾತುವಿನ್ಯಾಗ ಇಲ್ಲೋ ತಮ್ಮಾ,
ಅದು ನಾವು ಆಮ್ಯಾಲ ಹಚ್ಚಿದ್ದು.’

ನಮ್ಮ ‘ಹತ್ತು’ ಅದಕ್ಕೆ ರಕ್ತಸಂಬಂಧಿಯಲ್ಲ,
ಒಂದೇ ಬದುವಿನ ಆಚೆ ಈಚೆ ಹೊಲದವರು, ಅಷ್ಟೇ.
ಅವರಿಗೆ ಆಗ ಲಾಗತೆ, ನಮಗೆ ಬೆಂಕಿ ಹತ್ತುತ್ತದೆ.
ಅವರಿಗೆ ನಾದ ಲಾಗತೋ, ನಮಗೆ ಹುಚ್ಚು ಹತ್ತುತ್ತದೆ.
ರಡೂ ಲಾಗಲೀ ಅಂತ ಅವರು,
ಅಳಾಕ ಹತ್ಯಾಳ ಅಂತ ನಾವು.
ಅಳುವುದಕ್ಕೂ ಮೊದಲು
ಏನಾದರೊಂದು ಅಂಟಬೇಕು ಎಂಬಂತೆ.

ಮಂಗಳವಾರ ಸಂಖದಿಂದ ತಾನವ್ವ ಬಂದಳು,
ಸೆರಗಿನ ತುದಿಯಲ್ಲಿ ಸರಕಾರಿ ದವಾಖಾನೆಯ ಚೀಟಿ.
ರಾಣೋಬಾ ತೀರಿ ನಾಲ್ಕು ದಿನ.
ಅವನ ಗಂಟು ಅಲ್ಲೇ ಉಳಿದಿದೆ:
ಒಂದು ಧೋತರ, ಕನ್ನಡಕ, ಹಿತ್ತಾಳೆಯ ತಕ್ಕಡಿ.
ಉಮದಿ ಸಂತೆಯಲ್ಲಿ ಅದೇ ತಕ್ಕಡಿಯಲ್ಲಿ
ಇಬ್ಬರೂ ಹತ್ತೊಂಬತ್ತು ವರ್ಷ ಒಣಮೆಣಸಿನಕಾಯಿ ತೂಗಿದ್ದರು.
‘ಉಳಿದದ್ದು ಬ್ಯಾಡ. ತಕ್ಕಡಿ ಕೊಡಲಿ.’

ಕಿಟಕಿಯೊಳಗಿಂದ ಕಾರಕೂನ ತಲೆ ಎತ್ತಲಿಲ್ಲ:
‘ಹಾ ತುಮಚಾ ಕೋಣ ಲಾಗತೋ?’
ಅವಳು ನನ್ನ ಮುಖ ನೋಡಿದಳು.
ಯಾರು ಅಂಟಬೇಕು ಅನ್ನಲೆ? ಹಾಗೆ ಯಾರೂ ಕೇಳುವುದಿಲ್ಲ.
ನಮ್ಮಲ್ಲಿ ಕೇಳುವ ಹಾಗೆಯೇ ಕೇಳಿದೆ:
‘ಏನಾಗಬೇಕವ್ವಾ ಅವ ನಿನಗ?’

‘ಆಗಬೇಕಿತ್ತರೀ’ ಅಂದಳು.

ಇಪ್ಪತ್ತಾರು ವರ್ಷದ ಕೈ.
ಎಷ್ಟು ವಾಟಣಿ, ಎಷ್ಟು ವಾರಸಾ ಆ ಕಡೆಗೆ ದಾಟಿಸಿದೆ.
ಈ ಒಂದು ಮಾತು ಪೆನ್ನಿನ ತುದಿಯಲ್ಲೇ ನಿಂತಿತು.
‘ವೇಳ ಲಾಗತೋಯ’ ಅಂತ ಒಳಗಿನಿಂದ ಕೂಗು.
ಹೌದು, ಹೊತ್ತು ಹತ್ತುತ್ತದೆ.

ನಾತೆಯ ಕಾಲಮ್ಮು ಖಾಲಿ ಬಿಟ್ಟು
ತಿಕೀಟು ಹಚ್ಚಲು ಹೋದೆ. ಬಿಸಿಲಿಗೆ ಅದರ ಗೋಂದು ಸತ್ತಿತ್ತು.
ನನ್ನ ಲೋಟದ ತಳದ ಒದ್ದೆಗೆ ಅವಳೇ ಬೆರಳು ತಾಗಿಸಿ
ಕಾಗದದ ಮೂಲೆಗೆ ಸವರಿ
ತಿಕೀಟು ಒತ್ತಿ ಹಿಡಿದಳು.
ಅಂಟಿದ ಮೇಲೂ
ಹಿಡಿದೇ ಇದ್ದಳು.